ಮರಳದಿಬ್ಬದ ಮೇಲೆ ಸಾವಧಾನ

ಶುಕ್ರವಾರ ಬೆಳಿಗ್ಗೆ ನಾವು ಕತಾರಿನ ಬಿನ್ ಮಹಮೂದ್ ಬಡಾವಣೆಯ ಮನೆಯಿಂದ ಹೊರಟಾಗ ಬೀದಿ ಇನ್ನೂ ಎದ್ದಿರಲಿಲ್ಲ. ದಿನಸಿ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಕಸದ ತೊಟ್ಟಿಯ ಮೇಲೆ ಬೆಕ್ಕುಗಳು ಕೂತಿದ್ದವು. ಚಳಿಗಾಲದ ಗಾಳಿ ಬಡಗಣದಿಂದ ಬೀಸುತ್ತಿತ್ತು. ನಾನು ಸೀರೆಯ ಮೇಲೆ ಸ್ವೆಟರ್ ತೊಟ್ಟು, ಕ್ಯಾನ್ವಾಸ್ ಶೂ ಕಟ್ಟಿ, ಕೊರಳಿಗೆ ಸೀಟಿ ಹಾಕಿಕೊಂಡಿದ್ದೆ. ಗದಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೆ ಆಟದ ಟೀಚರ್ ಆಗಿದ್ದವಳು ನಾನು. ಸೀಟಿಯಿಲ್ಲದೆ ಮಕ್ಕಳನ್ನು ಮೈದಾನಕ್ಕೆ ಇಳಿಸಿದವಳಲ್ಲ.

"ಅವ್ವಾ, ಸೀಟಿ ಯಾಕ? ಅಲ್ಲಿ ಒಂಟಿಗೆ ಡ್ರಿಲ್ ಮಾಡಸ್ತೀ ಏನು?" ಎಂದ ಮಗ ಸುರೇಶ. ರಾಸ್ ಲಫಾನಿನ ಅನಿಲ ಘಟಕದಲ್ಲಿ ಪಾಳಿಯ ಮೇಲೆ ದುಡಿಯುವ ಅವನಿಗೆ ಆ ವಾರ ಶುಕ್ರವಾರ ರಜೆ ಸಿಕ್ಕಿತ್ತು. ನಾನು ಅವನ ಮಾತಿಗೆ ನಗಲಿಲ್ಲ. ನಗುವ ಸ್ಥಿತಿಯಲ್ಲಿ ಇರಲಿಲ್ಲ.

ವಿಷಯ ಇಷ್ಟು. ಮೊಮ್ಮಗಳು ಮೇಘನಾಳ ಶಾಲೆಯವರು ಮುಂದಿನ ತಿಂಗಳು ಮಕ್ಕಳನ್ನು ಜಾರ್ಜಿಯಾ ದೇಶದ ಹಿಮಬೆಟ್ಟಕ್ಕೆ ಸ್ಕೀ ಕಲಿಸಲು ಕರೆದೊಯ್ಯುವವರಿದ್ದರು. ಹೋಗುವವರು ಭಾನುವಾರ ಹೆಸರು ಹೇಳಬೇಕಿತ್ತು. ಮೇಘನಾಳಿಗೆ ಹನ್ನೊಂದು ವರ್ಷ. ಹಿಂದಿನ ವರ್ಷ ಸ್ಕೇಟಿಂಗ್ ಮಾಡುವಾಗ ಮುಗ್ಗರಿಸಿ, ಕೈ ಮುಂದೆ ಚಾಚಿ ಬಿದ್ದು, ಎಡಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಒಳಗೆ ಲೋಹದ ಪಟ್ಟಿ ಕೂರಿಸಿ, ಮತ್ತೆ ಬಿಚ್ಚಿ ತೆಗೆದಿದ್ದರು. ಮೂಳೆ ಕೂಡಿದೆ, ಇನ್ನು ಆಡಬಹುದು ಎಂದು ಡಾಕ್ಟರು ಹೇಳಿದ್ದರೂ ಮನೆಯಲ್ಲಿ ಯಾರಿಗೂ ಧೈರ್ಯ ಸಾಲುತ್ತಿರಲಿಲ್ಲ. ಸೊಸೆ ಗೀತಾ ನರ್ಸು. ಮುರಿದ ಕೈಗಳನ್ನು ದಿನವೂ ನೋಡುವವಳು. ಅವಳೇ ನನ್ನ ಮೇಲೆ ಭಾರ ಹೊರಿಸಿದಳು.

"ಅತ್ತೀ, ನೀವು ಜೀವಮಾನಾ ಎಲ್ಲಾ ಹುಡುಗ್ಯಾರನ್ನ ಆಡಿಸಿದವರು. ಮೊದಲ ಇಲ್ಲೇ ಉಸುಕಿನ ಮ್ಯಾಲ ಜಾರಿಸಿ ನೋಡ್ರಿ. ನೀವು ಹೂಂ ಅಂದ್ರ ಕಳಸೂದು, ಉಹೂಂ ಅಂದ್ರ ಇಲ್ಲ. ನನಗ ಡ್ಯೂಟಿ ಅದ, ನಾ ಬರಂಗಿಲ್ಲ."

ಬರುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ನನಗೂ ಇರಲಿಲ್ಲ.

ಹತ್ತಿರದ ಅಲ್ ಮನ್ಸೂರಾ ಬಡಾವಣೆಯಲ್ಲಿ ತಿಂಡಿಗೆ ನಿಂತೆವು. ರಜಾದಿನವಾದ್ದರಿಂದ ಹೋಟೆಲಿನಲ್ಲಿ ಆಗಲೇ ಜನ ತುಂಬಿದ್ದರು. ಇಡ್ಲಿ ಚೆನ್ನಾಗಿತ್ತು, ಚಟ್ನಿ ನೀರಾಗಿತ್ತು. ಅಲ್ಲಿಯೇ ಸುರೇಶನ ಸಹೋದ್ಯೋಗಿ ವಿನ್ನಿ ನಮ್ಮನ್ನು ಕೂಡಿಕೊಂಡ. ಪೂರ್ಣ ಹೆಸರು ವಿನ್ಸೆಂಟ್, ಉಡುಪಿ ಕಡೆಯವನು, ಕಚೇರಿ ಕೆಲಸ. ಮೂರು ಚಳಿಗಾಲ ರಜೆ ಹಾಕಿ ಹಿಮಕ್ಕೆ ಹೋಗಿ ಬಂದವನು. ಸ್ಕೀಯನ್ನೂ ಕಲಿತಿದ್ದ, ಸ್ನೋಬೋರ್ಡನ್ನೂ ಕಲಿತಿದ್ದ, ಒಮ್ಮೆ ಕಾಲರ್ ಬೋನನ್ನೂ ಮುರಿದುಕೊಂಡಿದ್ದ.

"ಕೊನೆಗೆ ಇನ್ನೊಂದೇ ಒಂದು ಅಂತ ಮೇಲೆ ಹೋದದ್ದು ಟೀಚರೇ. ಕಾಲು ಸಾಕು ಅಂತ ಹೇಳ್ತಾ ಉಂಟು, ತಲೆ ಕೇಳ್ಬೇಕಲ್ಲ! ಬೀಳುವವರೆಲ್ಲ ಹೆಚ್ಚಾಗಿ ಆ ಕೊನೆಯ ರೌಂಡಲ್ಲೇ ಬೀಳುವುದು ಮಾರಾಯ್ರೇ" ಎಂದು ಅವನು ವಡೆ ಮುರಿಯುತ್ತ ಹೇಳಿದ.

ಅದು ಅವನ ಮೊದಲ ಪಾಠ. ಎರಡನೆಯದನ್ನು ನಾನು ಕೇಳಿ ತಿಳಿದೆ. ಸ್ಕೀ ಎಂದರೆ ಎರಡು ಕಾಲಿಗೆ ಎರಡು ಉದ್ದ ಪಟ್ಟಿ. ಬೋರ್ಡ್ ಎಂದರೆ ಎರಡೂ ಕಾಲಿಗೆ ಒಂದೇ ಹಲಗೆ, ಅಡ್ಡ ನಿಂತು ಜಾರುವುದು. ಬೋರ್ಡಿನಲ್ಲಿ ಕಲಿಯುವವರಿಗೆ ಹೆಚ್ಚಾಗಿ ಪೆಟ್ಟಾಗುವುದು ಮಣಿಕಟ್ಟಿಗೆ, ಸ್ಕೀಯಲ್ಲಿ ಮೊಣಕಾಲಿಗೆ.

"ಹಂಗಾದ್ರ ಇವಳಿಗೆ ಸ್ಕೀ" ಎಂದೆ ನಾನು.

"ಅಜ್ಜಿ, ಬಟ್ ಬೋರ್ಡ್ ಈಸ್ ಕೂಲರ್!" ಎಂದಳು ಮೇಘನಾ. ಅವಳು ಇಡ್ಲಿಯ ತಟ್ಟೆ ಹಿಡಿದಿದ್ದ ಎಡಗೈಯನ್ನೇ ನಾನು ನೋಡುತ್ತಿದ್ದೆ. ಮಣಿಕಟ್ಟಿನ ಒಳಬದಿಯಲ್ಲಿ ಗಾಯದ ಗೆರೆ ತಿಳಿಗುಲಾಬಿಯಾಗಿ ಎದ್ದು ಕಾಣುತ್ತಿತ್ತು.

ಅಲ್ ಮನ್ಸೂರಾದಿಂದ ದಕ್ಷಿಣಕ್ಕೆ ವಕ್ರಾ ದಾಟಿ, ಮಿಸಯೀದ್ ಕೈಗಾರಿಕಾ ಪಟ್ಟಣದ ಹೊಗೆಗೊಳವೆಗಳನ್ನು ಎಡಕ್ಕೆ ಬಿಟ್ಟು, ಸುಮಾರು ಒಂದು ಗಂಟೆಯ ದಾರಿ. ರಸ್ತೆ ಚಾಪೆ ಹಾಸಿದಂತಿತ್ತು. ಅಂಥ ರಸ್ತೆಯೇ ನನಗೆ ಭಯ. ವೇಗ ಗೊತ್ತೇ ಆಗುವುದಿಲ್ಲ. ವೇಗದ ಮುಳ್ಳು ಏರಿದಾಗಲೆಲ್ಲ "ಸಾವಧಾನ ಹೊಡಿ" ಎನ್ನುತ್ತಿದ್ದೆ. ಸುರೇಶ "ಹೂಂ ಅವ್ವಾ" ಎಂದು ಕಾಲು ಸಡಿಲಿಸಿ, ಮತ್ತೆ ಒತ್ತುತ್ತಿದ್ದ.

ಡಾಂಬರು ಮುಗಿದಲ್ಲಿ ಒಂಟೆಗಳು ಬಣ್ಣದ ಜೂಲು ಹೊತ್ತು ಸವಾರರಿಗೆ ಕಾಯುತ್ತಿದ್ದವು. ಅಲ್ಲಿ ಎಲ್ಲರೂ ಗಾಡಿ ನಿಲ್ಲಿಸಿ ಗಾಲಿಗಳ ಗಾಳಿ ಅರ್ಧಕ್ಕೆ ಇಳಿಸಿಕೊಳ್ಳುತ್ತಾರೆ. ಗಾಳಿ ತುಂಬಿದ ಗಾಲಿ ಮರಳಿನಲ್ಲಿ ಹೂತುಕೊಳ್ಳುತ್ತದೆ. ಮೆತ್ತಗಾದದ್ದು ತೇಲಿದಂತೆ ಸಾಗುತ್ತದೆ. "ನೋಡಿ ಟೀಚರೇ, ಬಿಗಿಯಾದದ್ದು ಇಲ್ಲಿ ನಡೆಯುವುದಿಲ್ಲ" ಎಂದ ವಿನ್ನಿ. ಗಾಲಿಯ ಬಗ್ಗೆ ಹೇಳುತ್ತಿದ್ದಾನೆ ಎಂದುಕೊಂಡೆ.

ಹತ್ತಿರದ ಡೇರೆಯಲ್ಲಿ ಹಲಗೆ ಬಾಡಿಗೆಗೆ ಸಿಕ್ಕಿತು. ಸ್ಕೀ ಸಿಗಲಿಲ್ಲ. ಹಲಗೆಯ ಅಡಿಗೆ ಮೇಣ ತಿಕ್ಕಿ ಕೊಟ್ಟರು. ತಿಕ್ಕದಿದ್ದರೆ ಮರಳು ಹಿಡಿದು ನಿಲ್ಲಿಸಿಬಿಡುತ್ತದಂತೆ. ಅಲ್ಲಿಂದ ಒಳಗೆ ಸ್ವಲ್ಪ ದೂರ ಹೋಗಿ ವಿನ್ನಿ ಒಂದು ದಿಬ್ಬ ಆರಿಸಿದ. ಅದನ್ನು ಆರಿಸಿದ ಕ್ರಮ ನನಗೆ ಹಿಡಿಸಿತು. ಮೊದಲು ನಡೆದು ಮೇಲೆ ಹತ್ತಿ ಆ ಬದಿ ನೋಡಿದ. ಜೀಪುಗಳು, ನಾಲ್ಕು ಗಾಲಿಯ ಮರಳಬೈಕುಗಳು ಆ ಬದಿಯಿಂದ ಏರಿ ನೆತ್ತಿ ದಾಟಿ ಇತ್ತ ಧುಮುಕುವುದುಂಟು. ಅಂಥ ಚಕ್ರದ ಗುರುತಿರುವ ದಿಬ್ಬ ಬೇಡ. ಗಾಳಿ ಹೊಡೆಯುವ ಬದಿ ಗಟ್ಟಿ, ಗಾಳಿಗೆ ಮರೆಯಾದ ಬದಿ ಮೆತ್ತಗೆ; ಜಾರುವುದು ಮೆತ್ತಗಿನ ಬದಿಯಲ್ಲಿ. ಕೆಳಗೆ ಓಟ ತಾನಾಗಿ ಸಾಯುವಷ್ಟು ಉದ್ದದ ಸಮತಟ್ಟು ಇರಬೇಕು. ಕಲ್ಲು, ಗಾಡಿ, ಜನ ಇರಬಾರದು. ಹಿಮದಲ್ಲಿಯೂ ಇದೇ ಲೆಕ್ಕ ಎಂದ: ಇಳಿಯುವ ಮೊದಲು ಎಲ್ಲಿ ನಿಲ್ಲುತ್ತೇವೆಂದು ನೋಡಿಕೊಳ್ಳಬೇಕು, ಮುಂದೆ ಹೋಗುತ್ತಿರುವವರನ್ನು ತಪ್ಪಿಸುವ ಹೊಣೆ ಹಿಂದಿನಿಂದ ಬರುವವರದು, ದಣಿದರೆ ಓರೆಗೆ ಸರಿದು ನಿಲ್ಲಬೇಕು, ನಡುದಾರಿಯಲ್ಲಿ ಅಲ್ಲ.

ಮೈ ಕಾಯಿಸದೆ ಆಟಕ್ಕೆ ಇಳಿಯಬಾರದೆಂಬುದು ನನ್ನ ನಿಯಮ. ಕಾರಿನ ಪಕ್ಕದಲ್ಲಿಯೇ ಸೀಟಿ ಊದಿದೆ. ನಾನು ಕತಾರಿಗೆ ಬಂದಂದಿನಿಂದ ಮೇಘನಾಳಿಗೆ ದಿನಾ ಬೆಳಿಗ್ಗೆ ಮಾಳಿಗೆಯ ಮೇಲೆ ಡ್ರಿಲ್ ಮಾಡಿಸುತ್ತಿದ್ದೆ. "ಸಾವಧಾನ್" ಎಂದೊಡನೆ ಅವಳು ಹಿಮ್ಮಡಿ ಕೂಡಿಸಿ, ಮೊಣಕಾಲು ಬಿಗಿದು, ಮುಷ್ಟಿ ಕಟ್ಟಿ ತೊಡೆಗೆ ಅಂಟಿಸಿ, ಎದೆ ಎತ್ತಿ ನಿಂತಳು. "ವಿಶ್ರಾಮ್" ಎಂದಾಗ ಕಾಲು ಅಗಲಿಸಿದಳು. ಬೇರೆ ಗಾಡಿಯವರು ನಿಂತು ನೋಡಿದರು. ಸುರೇಶ ದೂರ ಹೋಗಿ ಒಂಟೆಯ ಫೋಟೋ ತೆಗೆಯತೊಡಗಿದ.

"ಪಷ್ಟ್ ಕ್ಲಾಸ್ ನಿಂತಿದ್ದೀ ಪುಟ್ಟಿ" ಎಂದ ವಿನ್ನಿ. "ಈಗ ಅದನ್ನೆಲ್ಲ ಮರೆತುಬಿಡು."

ನನಗೆ ಸಿಟ್ಟು ಬಂತು. ಆದರೆ ಅವನು ಕಲಿಸಿದ್ದು ನಿಜವಾಗಿ ನನ್ನ ಡ್ರಿಲ್ಲಿಗೆ ತೀರ ಉಲ್ಟಾ ಇತ್ತು. ಮೊಣಕಾಲು ಬಾಗಿರಬೇಕು, ನೆಲದ ಏರುತಗ್ಗನ್ನು ಮೊಣಕಾಲೇ ನುಂಗಬೇಕು. ಸೊಂಟ ತಗ್ಗಬೇಕು. ಭುಜ ಸಡಿಲ. ನೋಟ ಕಾಲಿನ ಮೇಲಲ್ಲ, ಹೋಗುವ ಕಡೆಗೆ. ಮರಳಿನಲ್ಲಿ ಹಿಂದಿನ ಕಾಲಿಗೆ ತುಸು ಹೆಚ್ಚು ಭಾರ, ಇಲ್ಲದಿದ್ದರೆ ಹಲಗೆಯ ಮೂತಿ ಹೂತು ಮುಗ್ಗರಿಸುತ್ತೇವೆ. ಹಿಮದಲ್ಲಿ ಹಾಗೆ ಹಿಂದಕ್ಕೆ ವಾಲಿದರೆ ಹತೋಟಿ ತಪ್ಪುತ್ತದೆ.

"ಕುರ್ಚಿ ಉಂಟು ಅಂತ ನೆನೆಸಿ ಅರ್ಧ ಕೂತ್ಕೋ. ಪೂರ್ತಿ ಅಲ್ಲ, ಯಾರೋ ಕುರ್ಚಿ ಎಳ್ದಿದ್ದಾರೆ!"

ಆಮೇಲೆ ಬೀಳುವುದನ್ನು ಕಲಿಸಿದ. ಈ ಪಾಠಕ್ಕಾಗಿಯೇ ನಾನು ಬೆಳಗಿನಿಂದ ಕಾದಿದ್ದೆ. ಬೀಳುವುದು ಖಚಿತವೆನ್ನಿಸಿದೊಡನೆ ತಾನಾಗಿ ಕೂತುಬಿಡಬೇಕು, ಇಲ್ಲವೆ ಪಕ್ಕಕ್ಕೆ ಉರುಳಬೇಕು. ಅಂಗೈ ಚಾಚಬಾರದು. ಮುಷ್ಟಿ ಕಟ್ಟಿ ಕೈಗಳನ್ನು ಮೈಗೆ ಎಳೆದುಕೊಳ್ಳಬೇಕು. ಬಾಯಿ ಮುಚ್ಚಿರಬೇಕು. ಮೇಘನಾ ಸಮತಟ್ಟಿನಲ್ಲಿ ಮತ್ತೆ ಮತ್ತೆ ಬಿದ್ದಳು. ಪ್ರತಿ ಸಲವೂ ಎಡಗೈ ಮುಂದೆ ಬರುತ್ತಿತ್ತು. ನಾನು ಪ್ರತಿ ಸಲವೂ "ಕೈ!" ಎಂದು ಕೂಗುತ್ತಿದ್ದೆ. ಗೀತಾ ಕೊಟ್ಟು ಕಳಿಸಿದ್ದ ಸ್ಕೇಟಿಂಗಿನ ಮಣಿಕಟ್ಟುಪಟ್ಟಿ ಕಟ್ಟಿತ್ತು, ತಲೆಗೆ ಸೈಕಲ್ಲಿನ ಹೆಲ್ಮೆಟ್ ಇತ್ತು, ಕಣ್ಣಿಗೆ ಕನ್ನಡಕ, ಉದ್ದ ತೋಳಿನ ಅಂಗಿ. ಸೈಕಲ್ ಹೆಲ್ಮೆಟ್ ಮರಳಿಗೆ ನಡೆದೀತು, ಹಿಮಕ್ಕೆ ಸ್ಕೀ ಹೆಲ್ಮೆಟನ್ನೇ ಅಲ್ಲಿ ಬಾಡಿಗೆಗೆ ಪಡೆಯಬೇಕು ಎಂದು ವಿನ್ನಿ ಎಚ್ಚರಿಸಿದ.

ಮೊದಲು ಕೂತು ಜಾರಿದಳು. ಆಮೇಲೆ ತಗ್ಗಿನಿಂದ ನಿಂತು ಜಾರಿದಳು. ಚೆನ್ನಾಗಿಯೇ ಬಂದಳು. ಮಧ್ಯಾಹ್ನದ ಹೊತ್ತಿಗೆ "ಅಜ್ಜಿ, ಟಾಪಿಂದ ನಾನು ರೆಡಿ ಇದೆ" ಎಂದಳು. ಅವಳ ಕನ್ನಡ ಹಾಗೆಯೇ. ನಾನು ತಿದ್ದುವ ಗೋಜಿಗೆ ಹೋಗಲಿಲ್ಲ. ನೆತ್ತಿಯತ್ತ ನೋಡುತ್ತಿದ್ದೆ. ಅಲ್ಲಿ ಗಾಳಿಗೆ ಮರಳು ಹೊಗೆಯಂತೆ ಏಳುತ್ತಿತ್ತು.

ವಿನ್ನಿ ಅವಳನ್ನು ದಿಬ್ಬದ ಏಣಿನ ಗುಂಟ ನಡೆಸಿಕೊಂಡು ಹೋದ. ಸುರೇಶ ಕೆಳಗೆ ಫೋನ್ ಹಿಡಿದು ನಿಂತ. ನಾನು ಓರೆಗೆ ನಿಂತೆ. ಮೇಲೆ ಅವಳು ಹೆಬ್ಬೆರಳಿನಷ್ಟು ಕಾಣುತ್ತಿದ್ದಳು. ವಿನ್ನಿ ಅವಳ ಕಾಲಿಗೆ ಹಲಗೆಯ ಪಟ್ಟಿ ಬಿಗಿದು, ಸುತ್ತ ನೋಡಿ, "ಯಲ್ಲಾ, ಹೊರಡು!" ಎಂದ.

ಅವಳು ಹೊರಟಳು. ಮೊಣಕಾಲು ಬಾಗಿತ್ತು, ನೋಟ ಮುಂದಿತ್ತು. ಅರ್ಧ ದಾರಿಯವರೆಗೆ ಸರಾಗವಾಗಿ ಬಂದಳು. ಅಲ್ಲಿ ಇಳಿಜಾರು ಕಡಿದಾಯಿತು. ಹಲಗೆ ಸರ್ರನೆ ವೇಗ ಹಿಡಿಯಿತು. ಮೈದಾನದ ಆ ತುದಿಗೆ ಮುಟ್ಟುವ ಗಂಟಲು ನನ್ನದು. ಅದು ನನ್ನನ್ನು ಕೇಳದೆಯೇ ತೆರೆಯಿತು.

"ಸಾವಧಾನ! ಮೇಘನಾ, ಸಾವಧಾನ!"

ನಾನು ಹೇಳಿದ್ದು ನಿಧಾನ, ಜೋಕೆ ಎಂದು. ನಮ್ಮ ಮನೆಯಲ್ಲಿ ಆ ಶಬ್ದಕ್ಕೆ ಅದೇ ಅರ್ಥ. ಸುರೇಶನಿಗೆ ದಾರಿಯುದ್ದಕ್ಕೂ ಅದನ್ನೇ ಹೇಳಿದ್ದೆ. ಮೇಘನಾಳಿಗೆ ಕೇಳಿದ್ದು ಮಾಳಿಗೆಯ ಮೇಲಿನ ಆಜ್ಞೆ. ನನ್ನ ಕಣ್ಣೆದುರಿಗೇ ಅವಳ ಮೊಣಕಾಲು ಸೆಟೆದವು, ಎದೆ ಎದ್ದಿತು, ಮುಷ್ಟಿಗಳು ತೊಡೆಗೆ ಅಂಟಿದವು. ಓಡುತ್ತಿರುವ ಹಲಗೆಯ ಮೇಲೆ ನೆಟ್ಟ ಕಂಬದಂತೆ ನಿಂತಳು. ಮರುಕ್ಷಣ ಹಲಗೆ ಅಡ್ಡ ತಿರುಗಿತು. ಕಂಬ ಉರುಳಿದಂತೆಯೇ ಬಿದ್ದಳು, ಎಡಬದಿಗೆ. ಮರಳು ಎದ್ದು ಅವಳನ್ನು ಮುಚ್ಚಿತು.

ನಾನು ಓಡಿದೆ. ಮರಳಿನಲ್ಲಿ ಓಡಲಾಗುವುದಿಲ್ಲ; ಕಾಲು ಕಿತ್ತಷ್ಟೂ ಹೂಳುತ್ತದೆ. ಸೀರೆ ಎತ್ತಿ ಕಟ್ಟಿದೆ. ಮುಂದೆ ಸುರೇಶ "ಮೇಘೂ! ಮೇಘೂ!" ಎನ್ನುತ್ತ ಮಂಡಿಯೂರಿ ಏರುತ್ತಿದ್ದ. ಅವಳು ಅಲುಗಲಿಲ್ಲ. ಗೀತಾಳ ಮುಖ ನನ್ನ ಕಣ್ಣಮುಂದೆ ಬಂತು. ನಾನು ಅವಳಿಗೆ ಏನು ಹೇಳಬೇಕು?

ಹತ್ತಿರ ಹೋದಾಗ ಮೇಘನಾ ಬಿದ್ದಲ್ಲಿಯೇ, ಕೈ ತೊಡೆಗೆ ಹಚ್ಚಿಕೊಂಡು, ನೆಟ್ಟಗೆ ಮಲಗಿದ್ದಳು. ಕಣ್ಣು ತೆರೆದಿದ್ದವು. ಬಾಯಿತುಂಬ ಮರಳು.

"ಎಬ್ಬಿಸ್ಲಿಕ್ಕೆ ಅವಸರ ಮಾಡ್ಬೇಡಿ" ಎಂದ ಮೇಲಿನಿಂದ ಜಾರಿ ಬಂದ ವಿನ್ನಿ. ಕತ್ತು ನೋವೇ, ಬೆರಳು ಅಲ್ಲಾಡಿಸು, ಕಾಲು ಅಲ್ಲಾಡಿಸು, ತಲೆ ತಿರುಗುತ್ತದೆಯೇ ಎಂದು ಒಂದೊಂದಾಗಿ ಕೇಳಿದ. ಎಲ್ಲ ಸರಿಯಿತ್ತು. ನಾನು ಮಣಿಕಟ್ಟುಪಟ್ಟಿ ಬಿಚ್ಚಿ ಎಡಗೈ ಒತ್ತಿ ಒತ್ತಿ ನೋಡಿದೆ.

"ನೋವಿಲ್ಲ ಅಜ್ಜಿ. ಶೋಲ್ಡರ್ ಸ್ವಲ್ಪ." ಅವಳು ಉಗುಳಿ, ಮತ್ತೆ ಉಗುಳಿ, ಹೇಳಿದಳು: "ನೀನು ಸಾವಧಾನ್ ಅಂದೆ. ನಾನು ಮಾಡ್ದೆ. ನೀನು ವಿಶ್ರಾಮ್ ಅನ್ನಲೇ ಇಲ್ಲ!"

ವಿನ್ನಿ ಮರಳಿನಲ್ಲಿ ಕುಸಿದು ಕೂತು ನಕ್ಕ. "ಅಯ್ಯೋ ದೇವರೇ! ಮೊಣಕಾಲು ಪೂರ್ತಿ ತಪ್ಪು, ಕೈ ಮಾತ್ರ ಸೂಪರ್! ಇವಳನ್ನು ಬೀಳ್ಸಿದ್ದೂ ನೀವೇ, ಕೈ ಉಳಿಸಿದ್ದೂ ನೀವೇ ಟೀಚರೇ."

ನಿಜ. ಬೆಳಗಿನಿಂದ ಎಷ್ಟು ಹೇಳಿದರೂ ಮುಂದೆ ಚಾಚುತ್ತಿದ್ದ ಕೈ ಈ ಸಲ ಚಾಚಿರಲಿಲ್ಲ. ಆದರೆ ನನಗೆ ಅದರಿಂದ ಸಮಾಧಾನವಾಗಲಿಲ್ಲ. ಮೆತ್ತಗಿನ ಮರಳಾದ್ದರಿಂದ ಬಚಾವಾದಳು. ಗಟ್ಟಿ ಹಿಮವಾಗಿದ್ದರೆ? ನಾನು ಉಹೂಂ ಎಂದು ಹೇಳುವುದೆಂದು ಅಲ್ಲಿಯೇ ಮನಸ್ಸಿನಲ್ಲಿ ತೀರ್ಮಾನಿಸಿಕೊಂಡೆ.

ಕಾರಿನ ನೆರಳಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದೆವು. ರೊಟ್ಟಿಯಲ್ಲಿಯೂ ಮರಳು. ಚಳಿಯ ದಿನವಾದರೂ ಕುಡಿಯುತ್ತಲೇ ಇರಬೇಕೆಂದು ವಿನ್ನಿ ಎಲ್ಲರಿಗೂ ನೀರು ಕುಡಿಸಿದ. ಹಿಮದಲ್ಲಿ ಬಾಯಾರಿಕೆ ತಿಳಿಯುವುದೇ ಇಲ್ಲವಂತೆ, ಬಿಸಿಲು ನೆಲದಿಂದ ತಿರುಗಿ ಹೊಡೆದು ಮುಖ ಸುಡುತ್ತದಂತೆ. ನಡುವೆ ಅವನು ಮೇಘನಾಳಿಂದ ಬರಿಗಾಲಲ್ಲಿ ಸ್ಕೀಯ ಬ್ರೇಕು ಅಭ್ಯಾಸ ಮಾಡಿಸಿದ: ಮುಂಗಾಲು ಹತ್ತಿರ, ಹಿಮ್ಮಡಿ ದೂರ, ಪಿಜ್ಜಾ ತುಂಡಿನ ಆಕಾರ. ಅಗಲ ಮಾಡಿದಷ್ಟೂ ನಿಧಾನ.

"ಈಗ ಮತ್ತೆ ಮೇಲಿಂದ?" ಎಂದಳು ಮೇಘನಾ.

"ಸಾಕು" ಎಂದೆ.

"ಅವ್ವಾ, ಬಿದ್ದಮ್ಯಾಲ ಅಲ್ಲಿಗೇ ಬಿಟ್ಟರ ಅಂಜಿಕಿ ಕೂತುಬಿಡ್ತದ. ಇದು ನೀನ ಹೇಳಿದ ಮಾತು. ನನಗ ಕೆರಿಯಾಗ ಈಜು ಕಲಸುವಾಗ" ಎಂದ ಸುರೇಶ.

ಅದು ನನ್ನ ಮಾತೇ. ಒಂದು ಷರತ್ತು ಹಾಕಿದೆ: ನಾನು ಕೂಗುವುದಾದರೆ ಒಂದೇ ಶಬ್ದ, "ಕುಂದರು". ಅದಕ್ಕೆ ಎರಡು ಅರ್ಥವಿಲ್ಲ. ಕೇಳಿದೊಡನೆ ಕೂತುಬಿಡಬೇಕು.

"ನೀವು ಕೂಗದೇ ಇದ್ರೆ ಇನ್ನೂ ಒಳ್ಳೇದು" ಎಂದ ವಿನ್ನಿ. "ಅಲ್ಲಿ ಹಿಮದಲ್ಲಿ ಅವಳಿಗೆ ಹೇಳ್ಲಿಕ್ಕೆ ಯಾರಿರ್ತಾರೆ ಹೇಳಿ?"

ನಾನು ಸೀಟಿ ಬಿಚ್ಚಿ ಚೀಲಕ್ಕೆ ಹಾಕಿದೆ. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತೆ. ಉತ್ಪ್ರೇಕ್ಷೆಯಲ್ಲ, ನಿಜವಾಗಿ ತುರುಕಿಕೊಂಡೆ.

ಅವಳು ಎರಡನೆಯ ಸಲ ನೆತ್ತಿಯಿಂದ ಹೊರಟು ಕಡಿದಾದ ಜಾಗಕ್ಕೆ ಬಂದಳು. ಆಗಲೇ ಪಕ್ಕದ ದಿಬ್ಬದ ಹಿಂದಿನಿಂದ ಒಂದು ಮರಳಬೈಕು ಸದ್ದು ಮಾಡುತ್ತ ಕೆಳಗಿನ ಸಮತಟ್ಟಿಗೆ ಅಡ್ಡ ಬಂತು. ಸವಾರ ಮೇಲೆ ನೋಡುತ್ತಿರಲಿಲ್ಲ. ಸುರೇಶ ಕೈ ಬೀಸಿ ಕೂಗಿದ. ನಾನು ಬಾಯಿಂದ ಸೆರಗು ಕೀಳುವಷ್ಟರಲ್ಲಿ ಮೇಘನಾ ಕೂತುಬಿಟ್ಟಿದ್ದಳು. ಸೊಂಟ ತಗ್ಗಿಸಿ ಹಿಂದಕ್ಕೆ ಒರಗಿದಳು, ಮುಷ್ಟಿ ಎದೆಗೆ, ಮರಳನ್ನು ಕೆತ್ತುತ್ತ ಹಲಗೆ ನಿಂತಿತು. ಬೈಕು ಕೆಳಗೆ ಹಾದುಹೋಯಿತು. ಅವಳು ಅದು ಮರೆಯಾಗುವವರೆಗೆ ಕೂತಿದ್ದು, ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಎದ್ದು ಮತ್ತೆ ಜಾರಿದಳು.

ನನಗೆ ಅಲ್ಲಿಯೇ ಕೂರಬೇಕೆನ್ನಿಸಿತು. ಕೂತೆ.

ಆಮೇಲೆ ಅವಳು ಇನ್ನೂ ಕೆಲವು ಸಲ ಹತ್ತಿ ಇಳಿದಳು. ಮೂರು ಸಲ ಬಿದ್ದಳು. ಒಮ್ಮೆ ಕೈ ಚಾಚಿ, ತಾನೇ ನೆನಪಾಗಿ ಎಳೆದುಕೊಂಡಳು. ಬಿಸಿಲು ಇಳಿಯಿತು. ದಿಬ್ಬಗಳ ನೆರಳು ಉದ್ದವಾದವು. ಬೆಳಕು ಓರೆಯಾದಾಗ ಏರುತಗ್ಗು ಸರಿಯಾಗಿ ಕಾಣುವುದಿಲ್ಲ ಎಂದು ನನಗೆ ಕಳವಳ ಶುರುವಾಗಿತ್ತು. ಸುರೇಶ ಆಗಲೇ, "ಮೇಘೂ, ಇನ್ನೊಂದ ಒಂದು! ಬೆಳಕು ಮಸ್ತ್ ಅದ, ವಿಡಿಯೋ ಮಾಡ್ತೀನಿ" ಎಂದ.

ವಿನ್ನಿ ತನ್ನ ಕಾಲರ್ ಬೋನ್ ಸವರಿಕೊಂಡ. ಮೇಘನಾ ನನ್ನತ್ತ ನೋಡಿದಳು. ಹೇಳುವ ಮಾತು ನಾಲಿಗೆಯ ತುದಿಯಲ್ಲಿತ್ತು, ನುಂಗಿದೆ. ಅವಳು ದಿಬ್ಬವನ್ನು ನೋಡಿದಳು, ತನ್ನ ಕಾಲನ್ನು ನೋಡಿಕೊಂಡಳು.

"ಖಲಾಸ್ ಪಪ್ಪಾ" ಎಂದಳು. "ಕಾಲು ಶೇಕ್ ಆಗ್ತಿದೆ."

ಪಟ್ಟಿ ಬಿಚ್ಚಿ, ಹಲಗೆಯನ್ನು ಬಗಲಲ್ಲಿಟ್ಟುಕೊಂಡು ಕಾರಿನತ್ತ ನಡೆದಳು. ನಾನು ಹೂಂ ಎನ್ನಲು ನಿರ್ಧರಿಸಿದ್ದು ಆಗ.

ಡಾಂಬರಿನ ತುದಿಯಲ್ಲಿ ಗಾಲಿಗೆ ಮತ್ತೆ ಗಾಳಿ ತುಂಬಿಸಿ, ಕಡಕ್ ಚಹಾ ಕುಡಿದೆವು. ನಾನು ಗೀತಾಳಿಗೆ ಫೋನ್ ಮಾಡಿದೆ.

"ಕಳಸು" ಎಂದೆ. "ಬೋರ್ಡ್ ಅಲ್ಲ, ಸ್ಕೀ. ಮೊದಲ ದಿನದಿಂದ ಕಲಿಸುವವರ ಕೈಯಾಗ ಇರಬೇಕು. ಸ್ಕೀ ಹೆಲ್ಮೆಟ್ ಇಲ್ಲದ ಬೆಟ್ಟ ಹತ್ತಿಸಬ್ಯಾಡ ಅಂತ ಶಾಲಿಯವರಿಗೆ ಹೇಳು."

"ಅತ್ತೀ, ಅಂಜಿಕಿ ಆಗಲಿಲ್ಲೇನ್ರಿ?"

"ಈಗೂ ಆಗಾಕತ್ತದ" ಎಂದೆ.

ಹಿಂದಿರುಗಿ ನೋಡಿದೆ. ನಮ್ಮ ದಿಬ್ಬ ಯಾವುದೆಂದು ಗುರುತು ಹತ್ತಲಿಲ್ಲ. ಅವಳು ಎಳೆದ ಗೆರೆಗಳನ್ನು ಗಾಳಿ ಅಳಿಸಿರಬೇಕು.

ವಕ್ರಾ ಸಮೀಪಿಸಿದಾಗ ರಸ್ತೆಯ ದೀಪಗಳು ಹೊತ್ತಿದ್ದವು. ಮೇಘನಾ ಹಿಂದಿನ ಸೀಟಿನಲ್ಲಿ ನನ್ನ ಪಕ್ಕಕ್ಕೆ, ಹೆಲ್ಮೆಟನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿದ್ದಳು. ಸುರೇಶ ಒಂದು ಲಾರಿಯನ್ನು ಹಿಂದೆ ಹಾಕಲು ವೇಗ ಹೆಚ್ಚಿಸಿದ.

"ಸಾವಧಾನ!" ಎಂದೆ.

ಪಕ್ಕದಲ್ಲಿ ಹೆಲ್ಮೆಟ್ ದಡಕ್ಕನೆ ಕೆಳಗೆ ಬಿತ್ತು. ತಿರುಗಿ ನೋಡಿದೆ. ಅವಳ ಕಣ್ಣು ಮುಚ್ಚಿಯೇ ಇದ್ದವು. ಆದರೆ ಬೆನ್ನು ಸೆಟೆದಿತ್ತು, ಮೊಣಕಾಲು ಬಿಗಿದು ಪಾದಗಳು ಮುಂದಿನ ಸೀಟಿಗೆ ತಾಗಿದ್ದವು, ಎರಡೂ ಮುಷ್ಟಿಗಳು ತೊಡೆಗೆ ಅಂಟಿದ್ದವು.

"ವಿಶ್ರಾಮ್" ಎಂದೆ ಮೆಲ್ಲಗೆ. ಅವಳು ಸಡಿಲಾಗಿ ನನ್ನ ತೋಳಿಗೆ ಒರಗಿದಳು.

ಆ ಹಿಮಬೆಟ್ಟದ ಮೇಲೆ ಕನ್ನಡ ಬಲ್ಲವರು ಯಾರೂ ಇರುವುದಿಲ್ಲ ಎಂಬುದೊಂದೇ ಈಗ ನನಗಿರುವ ಧೈರ್ಯ.